ಕೂಗುಕೋಲು ಮತ್ತು ಹೊನ್ನಪ್ಪನವರ ಹೊಸ್ತಿಲು

ನಮ್ಮ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮೇಲೆ ಮುಚ್ಚಳವಾಗಿ ಕೂತಿರುವ ಕಪ್ಪು ದುಂಡುತಟ್ಟೆಯನ್ನು ನೋಡಿದವರು ‘ಇದು ಎಲ್ಲಿಯದು?’ ಎಂದು ಕೇಳುವುದುಂಟು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಶಾರದೆ, ‘ಅವರ ಪುರಾತತ್ತ್ವ ಇಲಾಖೆಯದು’ ಎಂದು ಹೇಳಿ ಒಳಗೆ ಹೋಗುತ್ತಾಳೆ. ಆ ಇಲಾಖೆ ಬಾಗಿಲು ಹಾಕಿ ವರ್ಷಗಳಾದವು. ಅದರ ನಿರ್ದೇಶಕ, ಗುಮಾಸ್ತ, ಜವಾನ ಮತ್ತು ಗುಂಡಿ ತೋಡುವ ಆಳು ಎಲ್ಲವೂ ನಾನೇ ಆಗಿದ್ದೆ. ತಟ್ಟೆಗೆ ಜೋಡಿಸಿದ್ದ ಕೋಲು ಈಗ ಹಿತ್ತಲಿನಲ್ಲಿ ನುಗ್ಗೆಕಾಯಿ ಕೊಯ್ಯುವ ಇಲಾಖೆಗೆ ವರ್ಗವಾಗಿದೆ. ಸರ್ಕಾರಿ ನೌಕರಿಯಲ್ಲಿ ಇದ್ದವನಿಗೆ ಇಂಥ ವರ್ಗಾವಣೆಗಳು ಹೊಸತಲ್ಲ.

ಕೋಲೂ ತಟ್ಟೆಯೂ ಒಂದಾಗಿದ್ದ ಕಾಲದಲ್ಲಿ ಅದೊಂದು ಯಂತ್ರ. ನೆಲದ ಮೇಲೆ ಒಂದು ಬೆರಳು ಎತ್ತರದಲ್ಲಿ ಆಡಿಸಿದರೆ, ಕೆಳಗೆ ಹುಗಿದುಹೋದ ಲೋಹದ ಸುಳಿವು ಸಿಕ್ಕಿದೊಡನೆ ಕುಂಯ್ ಎಂದು ಕೂಗುವುದು. ಹಳೆಯ ಮನೆಗಳು ಇದ್ದು ಹೋದ ಜಾಗದಲ್ಲಿ ನಾಣ್ಯಗೀಣ್ಯ ಹುಡುಕುವುದಕ್ಕೆ ಹೇಳಿಮಾಡಿಸಿದ್ದು ಎಂದು ನಂಬಿ ನಾನು ಅದನ್ನು ತಂದೆ. ಜನ ಅದನ್ನು ಕೂಗುಕೋಲು ಎಂದು ಕರೆದರು. ಶಾರದೆ ಅದನ್ನು ಸವತಿ ಎಂದು ಕರೆದಳು.

ತಂದದ್ದು ಭಟ್ಕಳದಿಂದ. ಆಗ ಕೊಂಕಣ ರೈಲು ಓಡಲು ಶುರುವಾದ ಹೊಸತು. ರೈಲು ಹತ್ತುವುದಕ್ಕೆ ಎಲ್ಲರಿಗೂ ಒಂದು ನೆವ ಬೇಕಾಗಿತ್ತು. ಕೊಡೆಯ ಕಡ್ಡಿ ಮುರಿದರೂ ಹೊನ್ನಾವರದವರು ಭಟ್ಕಳಕ್ಕೇ ಹೋಗಿ ರಿಪೇರಿ ಮಾಡಿಸುತ್ತಿದ್ದರು. ನನ್ನ ನೆವ ಒಂದು ಟಾರ್ಚು. ಪೇಟೆಯಲ್ಲಿ ಜಾಫರ್ ಸಾಹೇಬರ ಅಂಗಡಿಯಿತ್ತು. ಅವರ ತಮ್ಮಂದಿರು ದುಬೈಯಿಂದ ತರುವ ಅತ್ತರು, ಕಂಬಳಿ, ಖರ್ಜೂರಗಳ ನಡುವೆ ಈ ಯಂತ್ರ ಮೂಲೆಯಲ್ಲಿ ತಲೆಕೆಳಗಾಗಿ ನಿಂತಿತ್ತು.

‘ಇದನ್ನ ತಗೊಂಡ್ ಹೋಗಿ ಮಾಸ್ಟರ್ ಸಾಬ್’ ಎಂದರು ಜಾಫರ್ ಸಾಹೇಬರು. ‘ಶಾಲೆಯಲ್ಲಿ ಹಿಸ್ಟರಿ ಹೇಳ್ತೀರಲ್ಲ, ಇದು ಹಿಸ್ಟರಿ ಹುಡ್ಕೋ ಮಿಶಿನ್. ಅಲ್ಲಿ ಗೋರಾ ಲೋಗ್ ಸಮುದ್ರದ ಬದಿ ಇದನ್ನ ಹಿಡ್ಕೊಂಡು ತಿರುಗ್ತಾರಂತೆ. ಇಲ್ಲಿ ಯಾರಿಗೂ ಬೇಡ. ಒಂದು ವರ್ಷದಿಂದ ಅದು ನನ್ನ ಮುಖ ನೋಡ್ತಾ ಇದೆ, ನಾನು ಅದರ ಮುಖ ನೋಡ್ತಾ ಇದೀನಿ.’

‘ಚಿನ್ನ ಸಿಗ್ತದಾ ಸಾಹೇಬ್ರೇ?’

‘ಚಿನ್ನ ಸಿಗೋದಾದ್ರೆ ನಿಮಗೆ ಮಾರ್ತೀನಾ?’

ವ್ಯಾಪಾರದಲ್ಲಿ ಇಷ್ಟು ಸತ್ಯ ಹೇಳುವವರನ್ನು ನಿರಾಶೆಗೊಳಿಸಬಾರದೆಂದು ತೆಗೆದುಕೊಂಡೆ. ಟಾರ್ಚು ಮರೆತೆ.

ತಪ್ಪು ನನ್ನದೆನ್ನುವುದಕ್ಕಿಂತ ನನ್ನ ಕತ್ತಿನದು. ಸಣ್ಣವನಿದ್ದಾಗಿನಿಂದ ನಾನು ತಲೆ ತಗ್ಗಿಸಿ ನಡೆಯುವವನು. ಊರಿನವರು ಅದನ್ನು ವಿನಯ ಎಂದು ತಿಳಿದು ನನ್ನನ್ನು ತಮ್ಮ ಮಕ್ಕಳಿಗೆ ಮಾದರಿಯಾಗಿ ತೋರಿಸುತ್ತಿದ್ದರು. ವಾಸ್ತವದಲ್ಲಿ ನಾನು ನೆಲ ನೋಡುತ್ತಿದ್ದೆ. ಕುಮಟೆಯಲ್ಲಿ ಅಜ್ಜಿಮನೆಯ ಅಂಗಳ ಮೊದಲ ಮಳೆಯ ಮರುದಿನ ತನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಗೆ ಹಾಕುತ್ತಿತ್ತು: ಬಳೆಚೂರು, ಹೆಂಚಿನ ತುಂಡು, ಯಾರದೋ ಅಂಗಿಯ ಹಿತ್ತಾಳೆ ಗುಂಡಿ. ಅಲ್ಲಿ ನನಗೊಮ್ಮೆ ನಡುವೆ ತೂತಿರುವ ಪೈಸೆ ಸಿಕ್ಕಿತು. ದಾರದಲ್ಲಿ ಪೋಣಿಸಿ ಕೊರಳಿಗೆ ಕಟ್ಟಿಕೊಂಡು ಎರಡು ದಿನ ಸಂಸ್ಥಾನಿಕನಂತೆ ತಿರುಗಿದೆ. ಮೂರನೆಯ ದಿನ ಅಜ್ಜಿ, ‘ನಾಯಿಗೆ ಬಿಲ್ಲೆ ಕಟ್ದಂಗೆ ಕಾಣ್ತದೆ, ತೆಗಿ ಅದ್ನ’ ಎಂದರು. ತೆಗೆದೆ. ಪೇಟೆಯಲ್ಲಿ ಅದಕ್ಕೆ ಒಂದು ಗಟ್ಟಿ ಬೆಲ್ಲ ಬಂತು. ನನ್ನ ಮೊದಲ ಸಂಶೋಧನೆಯನ್ನು ನಾನು ಹೀಗೆ ತಿಂದು ಮುಗಿಸಿದವನು.

ಹಾಗಾಗಿ ಈ ಸಲ ಕೆಲಸ ಕ್ರಮಪ್ರಕಾರ ನಡೆಯಬೇಕೆಂದು ನಿಶ್ಚಯಿಸಿದೆ. ದೇವಸ್ಥಾನ, ಬಸದಿ, ಕೋಟೆಗಳ ಹತ್ತಿರ ಸುಳಿಯುವುದಿಲ್ಲ; ಅದು ನಿಜವಾದ ಇಲಾಖೆಯ ಸೊತ್ತು. ಹಿತ್ತಲಿನ ಯಜಮಾನರ ಅಪ್ಪಣೆಯಿಲ್ಲದೆ ಗುದ್ದಲಿ ಎತ್ತುವುದಿಲ್ಲ. ಸಿಕ್ಕಿದ್ದು ಅವರದು, ಗುಂಡಿ ಮುಚ್ಚುವುದು ನನ್ನದು. ಅಕಸ್ಮಾತ್ ನಿಧಿಯೇ ಸಿಕ್ಕಿಬಿಟ್ಟರೆ ಸರ್ಕಾರಕ್ಕೆ ತಿಳಿಸಬೇಕಲ್ಲ, ಅದಕ್ಕೆಂದು ಮಾಮಲೇದಾರರಿಗೆ ಒಂದು ಅರ್ಜಿಯನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ಅದರಲ್ಲಿ ನಿಧಿಯ ವಿವರ ಎಂಬಲ್ಲಿ ಮಾತ್ರ ಮೂರು ಸಾಲು ಜಾಗ ಬಿಟ್ಟಿತ್ತು. ಇವತ್ತಿಗೂ ಬಿಟ್ಟಿದೆ.

ಮೊದಲ ಪ್ರಯೋಗ ಮುರ್ಡೇಶ್ವರದ ಮರಳಿನಲ್ಲಿ. ಅಲ್ಲಿ ಯಂತ್ರ ಸಂಭಾವಿತ ಅಳಿಯನ ಹಾಗೆ ಬಾಯಿ ಬಿಡದೆ ನಡೆದುಕೊಂಡಿತು. ಸೋಡಾ ಬಾಟಲಿಯ ಮುಚ್ಚಳ ಸಿಕ್ಕಾಗ ಮಾತ್ರ ಮೆಲ್ಲಗೆ ಕೆಮ್ಮಿತು. ಮಾರನೆಯ ಭಾನುವಾರ ಹೊನ್ನಾವರದ ಒಂದು ಪಾಳು ಅಡಿಪಾಯದ ಮೇಲೆ ಹಿಡಿದೆ, ನೋಡಿ. ಹಿಡಿದಲ್ಲೆಲ್ಲ ಕೂಗು. ಬಲಕ್ಕೆ ಹಿಡಿದರೆ ಕೂಗು, ಎಡಕ್ಕೆ ಹಿಡಿದರೆ ಕೂಗು. ಒಂದು ಗಳಿಗೆ ನನಗೆ ಇಡೀ ಹೊನ್ನಾವರವೇ ಚಿನ್ನದ ತಳದ ಮೇಲೆ ನಿಂತಂತೆ ಕಂಡು ಮೈ ಬೆವರಿತು. ಆಮೇಲೆ ಹೊಳೆಯಿತು: ನಮ್ಮ ಚಿರೆಕಲ್ಲಿನ ಕೆಂಪಿಗೆ ಕಬ್ಬಿಣವೇ ಕಾರಣ ಎಂದು ನಾನೇ ಮಕ್ಕಳಿಗೆ ಹೇಳಿಕೊಟ್ಟದ್ದು. ಮರಳಿಗೆಂದು ಹುಟ್ಟಿದ ಯಂತ್ರಕ್ಕೆ ನಮ್ಮ ನೆಲವೆಲ್ಲ ಬರಿಯ ಕೂಗಾಟ. ತಿರುಪು ಅರ್ಧ ಇಳಿಸಿ, ತಟ್ಟೆಯನ್ನು ನಾಲ್ಕು ಬೆರಳು ಎತ್ತಿ ಹಿಡಿಯುವುದನ್ನು ಕಲಿಯಲು ಒಂದು ಮಳೆಗಾಲ ಕಳೆಯಿತು.

ಸಿಕ್ಕಿದ್ದೇನು ಎಂದು ಕೇಳುತ್ತೀರಿ. ಎತ್ತಿನ ಲಾಳ. ಮೆಟ್ಟುಗತ್ತಿಯ ಮೂತಿ. ಲಾಟೀನಿನ ಬತ್ತಿ ಏರಿಸುವ ಕಿವಿ. ಹಲ್ಲುಪುಡಿ ಡಬ್ಬಿ. ಭಟ್ಕಳದ ಹಳೆಯ ವರ್ತಕರ ಮನೆಯೊಂದು ಇದ್ದ ಜಾಗದಲ್ಲಿ ಅಂಗೈಯಗಲದ ಹಿತ್ತಾಳೆ ಬೀಗ ಸಿಕ್ಕಿತು. ಮನೆಯವರಿಗೆ ಕೊಟ್ಟಾಗ ಅವರು ಸಂತೋಷದಿಂದ, ‘ಕೀಲಿ ನಮ್ಮ ಹತ್ರ ಇದೆ!’ ಎಂದು ಒಳಗಿಂದ ತಂದು ತೋರಿಸಿದರು. ಬಾಗಿಲಿಲ್ಲ, ಮನೆಯಿಲ್ಲ, ಕೀಲಿಕೈಯೊಂದು ಎರಡು ತಲೆಮಾರು ಮೊಳೆಗೆ ನೇತಾಡುತ್ತ ಕಾದಿತ್ತು. ಅವರು ಬೀಗ ತಿರುಗಿಸಿದರು. ತೆರೆಯಿತು. ಎಲ್ಲರೂ ಚಾ ಕುಡಿದೆವು.

ನನ್ನ ಕೀರ್ತಿ ಮಾತ್ರ ಬೇರೆ ಹಾದಿ ಹಿಡಿದಿತ್ತು. ಮಾಸ್ತರಿಗೆ ನಿಧಿ ಕಾಣುತ್ತದಂತೆ ಎಂಬ ಸುದ್ದಿ ಬಸ್ಸಿಗಿಂತ ಮುಂದೆ ಊರೂರು ಮುಟ್ಟಿತು. ಒಬ್ಬರು ಬಂದು, ಲಿಂಬೆಹಣ್ಣು ಎಷ್ಟು ತರಬೇಕೆಂದು ಗುಟ್ಟಿನಲ್ಲಿ ಕೇಳಿದರು. ಇನ್ನೊಬ್ಬರು ಸರ್ಪ ಕಂಡರೆ ನಾನು ಏನು ಮಾಡುತ್ತೇನೆಂದು ವಿಚಾರಿಸಿದರು. ‘ಓಡುತ್ತೇನೆ’ ಎಂದೆ. ಅವರಿಗೆ ನನ್ನ ಮೇಲಿದ್ದ ಗೌರವ ಅಲ್ಲಿಗೆ ಮುಗಿಯಿತು.

ಹೀಗಿರುವಾಗ ಒಂದು ಶನಿವಾರ ಮಾದೇವಿ ನಮ್ಮ ಜಗಲಿಗೆ ಬಂದಳು. ಹೊಳೆಯ ಮೇಲಿನ ಊರಿನಿಂದ ಬಸಳೆ, ಸೌತೆಕಾಯಿ ತಂದು ಮನೆಮನೆಗೆ ಕೊಡುವವಳು. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಅವಳ ಬುಟ್ಟಿಯಲ್ಲಿ ಆರಿಸಿ ತೆಗೆಯುವ ಧೈರ್ಯ ಶಾರದೆಗೂ ಇರಲಿಲ್ಲ. ಅವತ್ತು ಬುಟ್ಟಿ ಇಳಿಸಿದವಳು ಬಸಳೆಯ ಮಾತೇ ಎತ್ತಲಿಲ್ಲ.

‘ಮಾಸ್ತರ್ರೆ, ನಿಮ್ಮ ಕೂಗುಕೋಲಿಗೆ ಬೆಳ್ಳಿ ಗೊತ್ತಾಗ್ತದಾ?’

‘ಗೊತ್ತಾಗಬೇಕು. ಎಂತಕ್ಕೆ?’

ವಿಷಯ ಇಷ್ಟು. ಹೊಳೆದಂಡೆಯ ಅವರ ಹಳೆಯ ಮನೆಗೆ ನೆರೆ ನೀರು ನುಗ್ಗುವುದು ಹೆಚ್ಚಾಗಿ, ಆ ಬೇಸಿಗೆ ಅದನ್ನು ಕೆಡವಿ, ಅದೇ ಕಲ್ಲುಗಳನ್ನು ಹೊತ್ತು ರಸ್ತೆಯ ಬದಿಯ ದಿಬ್ಬದಲ್ಲಿ ಹೊಸ ಮನೆ ಕಟ್ಟುತ್ತಿದ್ದರು. ಬುಧವಾರ ಬೆಳಿಗ್ಗೆ ಹೆಬ್ಬಾಗಿಲ ಚೌಕಟ್ಟು ಇಡುವ ಮುಹೂರ್ತ. ಚೌಕಟ್ಟು ಇಡುವಾಗ ಹೊಸ್ತಿಲ ಕೆಳಗೆ ಒಂದಿಷ್ಟು ಲೋಹ ಇಡುವುದು ನಮ್ಮ ಕಡೆಯ ಪದ್ಧತಿ. ಹಳೆಯ ಮನೆ ಬಿಟ್ಟು ಹೋಗುವವರು ಹಳೆಯ ಹೊಸ್ತಿಲ ಕೆಳಗಿನದನ್ನೇ ತೆಗೆದು ಹೊಸದಕ್ಕೆ ಇಡುತ್ತಾರೆ. ಇಲ್ಲದಿದ್ದರೆ ಮನೆಯ ಏಳಿಗೆ ಹಳೆಯ ಜಾಗದಲ್ಲೇ ಕೂತುಬಿಡುತ್ತದಂತೆ. ಕಲ್ಲು ತೆಗೆದ ಮೇಲೆ ಅಲ್ಲಿ ಉಳಿದದ್ದು ಬಟ್ಟಬಯಲು. ಹೊಸ್ತಿಲಿದ್ದ ಜಾಗ ಅಗೆದು ನೋಡಿದರೆ ಏನೂ ಇಲ್ಲ.

‘ಮದ್ವೆಯಾಗಿ ಬಂದ ದಿನ ನಮ್ಮತ್ತೆ ಕಿವಿಲಿ ಹೇಳಿದ್ರು’ ಎಂದಳು ಮಾದೇವಿ. ‘ಈ ಮನೆ ಹೊಸ್ತಿಲ ಕೆಳ್ಗೆ ಬೆಳ್ಳಿ ಇದೆ, ಬಲಗಾಲು ಇಟ್ಟು ಬಾ ಅಂತ. ಮೂವತ್ತು ವರ್ಷ ಬಲಗಾಲೇ ಇಟ್ಟಿದ್ದೆ ಮಾಸ್ತರ್ರೆ. ಈಗ ನಮ್ಮ ಅತ್ಗೆ ಊರೆಲ್ಲ ಹೇಳ್ಕಂಡ್ ನಗ್ತಾ ಇದ್ರು, ಬೆಳ್ಳಿಯೂ ಇಲ್ಲ ಎಂತದೂ ಇಲ್ಲ ಅಂತ. ಅತ್ತೆ ಸುಳ್ಳು ಹೇಳೂರಲ್ಲ.’

ಈ ಅತ್ತಿಗೆ ಎಂದರೆ ಅವಳ ಗಂಡ ತಿಮ್ಮಪ್ಪನ ಅಕ್ಕ ಗಣಪಮ್ಮ. ಪಕ್ಕದ ಕೇರಿಗೇ ಕೊಟ್ಟವರು. ತವರುಮನೆಯ ಮೇಲ್ವಿಚಾರಣೆಯನ್ನು ಒಂದು ದಿನವೂ ಬಿಟ್ಟವರಲ್ಲ. ಭಾನುವಾರ ನಾನು ಯಂತ್ರಸಮೇತ ಇಳಿದಾಗ ಅವರು ಕಲ್ಲುರಾಶಿಯ ಮೇಲೆ ಎಲೆಯಡಿಕೆಯ ಕವಳದ ಸಂಚಿ ಬಿಚ್ಚಿಕೊಂಡು ಕೂತಿದ್ದರು.

‘ಬನ್ನಿ ಮಾಸ್ತರ್ರೆ, ಬನ್ನಿ. ನಮ್ಮಪ್ಪ ಹೊನ್ನಪ್ಪ ಎಂಥೋರು ಅಂತ ನಿಮ್ಗೆ ಗೊತ್ತಿಲ್ಲ. ಕರಿದ ಬಂಗ್ಡೆಯ ಮುಳ್ಳನ್ನ ಮರುದಿನದ ಸಾರಿಗೆ ಹಾಕ್ಸ್ತಿದ್ರು. ಅವ್ರು ಬೆಳ್ಳಿಯನ್ನ ಮಣ್ಣಿಗೆ ಹಾಕ್ತ್ರಾ? ಗೇರುಬೀಜದ ಸಿಪ್ಪೆ ಇಟ್ಟಿರೂದು ಅಲ್ಲಿ.’

‘ಅತ್ಗೆ, ಮಾಸ್ತರ್ರು ಕೆಲ್ಸ ಮಾಡ್ಲಿ’ ಎಂದಳು ಮಾದೇವಿ.

‘ಮಾಡ್ಲಿ ಮಾಡ್ಲಿ. ನಾ ಎಂತ ಅವ್ರ ಕೋಲು ಹಿಡ್ಕಂಡಿದ್ನಾ?’

ತಿಮ್ಮಪ್ಪ ರಸ್ತೆಯ ಕಡೆಯ ಒಂದು ಜಾಗ ತೋರಿಸಿ, ‘ಇಲ್ಲೇ ಹೆಬ್ಬಾಗ್ಲು’ ಎಂದ. ಅವನು ಆ ದಿನ ಆಡಿದ ಮಾತು ಅದೊಂದೇ. ಅದೂ ತಪ್ಪು ಎಂದು ಆಗ ಯಾರಿಗೂ ತಿಳಿಯಲಿಲ್ಲ. ಸಾಯಂಕಾಲದ ತನಕ ನಾನು ಕೋಲು ಆಡಿಸಿದೆ, ಅವನು ಅಗೆದ. ಏಳು ಗುಂಡಿ. ಸೈಕಲ್ ಬೆಲ್ಲಿನ ಟೊಪ್ಪಿಗೆ, ಬಾಗಿಲಿನ ಎರಡು ಬಿಜಾಗರಿ, ಒಂದು ಚಮಚ. ಒಂದೊಂದು ಗುಂಡಿಗೂ ಗಣಪಮ್ಮ ಸಿಪ್ಪೆ ಸಿಕ್ಕಿತೇ ಎಂದು ಕೇಳಿದರು. ಮಾದೇವಿ ತಲೆಯೆತ್ತಲಿಲ್ಲ. ಏಳನೆಯದು ಮುಚ್ಚುವಾಗ ಅವಳು ಮಣ್ಣು ತುಳಿದ ರೀತಿ ನೋಡಿ ನನಗೆ ಮೊದಲ ಸಲ ಈ ಆಟ ಆಟವಲ್ಲ ಎನ್ನಿಸಿತು. ಅವಳಿಗೆ ಬೇಕಾದದ್ದು ಬೆಳ್ಳಿಯಲ್ಲ. ಪೇಟೆಗೆ ಹೋದರೆ ಬೆಳ್ಳಿ ಸಿಗುತ್ತಿತ್ತು. ಅತ್ತೆ ಅವತ್ತು ಕಿವಿಯಲ್ಲಿ ಹೇಳಿದ ಮಾತು ಪೇಟೆಯಲ್ಲಿ ಸಿಗುವಂಥದಲ್ಲ.

ಮಂಗಳವಾರ ನಾನು ಶಾಲೆಗೆ ರಜೆ ಹಾಕಿದೆ. ಕಾರಣ: ತುರ್ತು ಗೃಹಕೃತ್ಯ. ಯಾರ ಗೃಹ ಎಂದು ಮುಖ್ಯಾಧ್ಯಾಪಕರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಧ್ಯಾಹ್ನದ ತನಕ ಮತ್ತೆ ಅದೇ ಜಾಗ, ಬರಿಯ ಮೊಳೆಗಳು. ಬಿಸಿಲು ನೆತ್ತಿಗೆ ಬಂದಾಗ ತೆಂಗಿನಮರದ ನೆರಳಿಗೆ ಕೂತೆವು. ಮಾದೇವಿ ಮಜ್ಜಿಗೆ ತಂದಳು. ಗಣಪಮ್ಮನವರಿಗೆ ಎರಡು ದಿನ ತಮಾಷೆ ಮಾಡಿ ಬೇಸರ ಬಂದಿತ್ತೋ ಏನೋ, ಹೊಳೆಯ ಕಡೆ ನೋಡುತ್ತ ತಮ್ಮಷ್ಟಕ್ಕೆ ಹೇಳಿಕೊಂಡರು:

‘ಈಗ ಒಂದ್ ದೋಣಿ ಕಾಣೂದಿಲ್ಲ ಹೊಳೆಲಿ. ನಾ ಸಣ್ಣಿದ್ದಾಗ ಹೆಬ್ಬಾಗ್ಲಲ್ಲಿ ಕಾಲು ಇಳಿಬಿಟ್ಕಂಡು ಕೂತ್ರೆ ಹೊತ್ತು ಹೋದದ್ದೇ ಗೊತ್ತಾಗ್ತಿರ್ಲಿಲ್ಲ. ಅಷ್ಟು ದೋಣಿ.’

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

‘ಗಣಪಮ್ಮನೋರೇ, ಹೆಬ್ಬಾಗಿಲಲ್ಲಿ ಕೂತರೆ ರಸ್ತೆ ಕಾಣಬೇಕಲ್ಲ? ದೋಣಿ ಹೇಗೆ ಕಂಡಿತು?’

‘ಆವಾಗ ರಸ್ತೆ ಎಲ್ಲಿತ್ತು ಮಾರಾಯ್ರೆ? ಬರೂರು ಹೋಗೂರು ಎಲ್ಲ ದೋಣಿಲೇ. ಹೆಬ್ಬಾಗ್ಲು ಹೊಳೆ ಬದಿಗೇ ಇದ್ದದ್ದು. ಬಸ್ಸು ಬಂದ್ಮೇಲೆ ಅಪ್ಪ ಅದ್ನ ಕಲ್ಲು ಕಟ್ಟಿ ಮುಚ್ಚಿ, ಹಿತ್ಲ ಬಾಗ್ಲನ್ನ ಹೆಬ್ಬಾಗ್ಲು ಮಾಡ್ದ. ತಿಮ್ಮ ಆಗ ತೊಟ್ಲಲ್ಲಿ ಇದ್ದ.’

ಮಾದೇವಿ ಎದ್ದು ನಿಂತಳು. ‘ಅತ್ಗೆ! ಮತ್ತೆ ಎರಡು ದಿನದಿಂದ ನೋಡ್ತಾ ಕೂತಿದ್ರಲ್ಲ, ಒಂದ್ ಮಾತು ಹೇಳೂಕೆ ಆಗ್ಲಿಲ್ವಾ?’

‘ಬಾಗ್ಲು ಯಾವ ಬದಿಗೆ ಅಂತ ನನ್ನ ಹತ್ರ ಯಾರು ಕೇಳಿದ್ರಿ? ಹೊಸ್ತಿಲ ಅಡಿಗೆ ಅಪ್ಪ ಎಂತ ಇಟ್ಟಿದ್ದ ಅಂತ ಕೇಳಿದ್ರಿ. ಎಂತದೂ ಇಡ್ಲಿಲ್ಲ ಅಂತ ಹೇಳ್ದೆ.’

ಗಣಪಮ್ಮನವರನ್ನು ದೂರುವ ಅಧಿಕಾರ ನನಗಿರಲಿಲ್ಲ. ನಾಗರಿಕತೆಗಳು ನದೀತೀರದಲ್ಲಿ ಹುಟ್ಟಿದವು, ನದಿಗೆ ಮುಖ ಮಾಡಿ ಬೆಳೆದವು ಎಂದು ಇಪ್ಪತ್ತೆಂಟು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಸಿಂಧೂ, ನೈಲ್ ಎಲ್ಲ ಬಾಯಿಪಾಠ. ಶರಾವತಿಯ ದಂಡೆಯಲ್ಲಿ ನಿಂತು ಎರಡು ದಿನ ಬಸ್ಸಿನ ರಸ್ತೆಗೆ ಮುಖ ಮಾಡಿ ಅಗೆಸಿದೆ.

ಹೊಳೆಯ ಬದಿಯಲ್ಲಿ ಬೂದಿ ಸುರಿಯುವ ಜಾಗವಿತ್ತು. ತಿಮ್ಮಪ್ಪ ಬೂದಿ ಎಳೆದ. ಕೆಳಗೆ ಉದ್ದನೆಯ ಕಲ್ಲೊಂದು ಇದ್ದಲ್ಲಿಯೇ ಇತ್ತು.

‘ಬಾಗ್ಲು ಮುಚ್ಚುವಾಗ ಹೊಸ್ತಿಲ ಅಡಿಗಿಂದು ಅಪ್ಪ ತೆಗ್ದಿರ್ತ’ ಎಂದರು ಗಣಪಮ್ಮ. ಆದರೆ ಈ ಸಲ ದನಿಯಲ್ಲಿ ನಗೆ ಇರಲಿಲ್ಲ. ಕಲ್ಲುರಾಶಿಯಿಂದ ಇಳಿದು ಹತ್ತಿರ ಬಂದು ನಿಂತಿದ್ದರು.

‘ಆ ಕಲ್ಲು ಎಬ್ಬಿಸಬೇಕಾದರೆ ಎರಡು ಆಳಿಗೆ ಕೂಲಿ ಕೊಡಬೇಕು’ ಎಂದೆ ನಾನು. ‘ನಿಮ್ಮಪ್ಪ ಕೊಡ್ತಿದ್ರಾ?’

ಅವರು ಒಂದು ಕ್ಷಣ ಯೋಚಿಸಿದರು. ‘ಇಲ್ಲ’ ಎಂದರು, ಸ್ವಲ್ಪ ಹೆಮ್ಮೆಯಿಂದಲೇ.

ಕೋಲು ಹಿಡಿದೆ. ಕಲ್ಲಿನ ನಡುಮಧ್ಯದಲ್ಲಿ ಅದು ಕೂಗಿತು. ಪುನಃ ಹಿಡಿದೆ, ಪುನಃ ಅಲ್ಲೇ ಕೂಗಿತು. ತಿಮ್ಮಪ್ಪ ಹಾರೆ ಹಾಕಿ ಕಲ್ಲು ಹೊರಳಿಸಿದ. ಕೆಳಗಿನ ಕಲ್ಲಿನಲ್ಲಿ ಅಂಗೈಯಷ್ಟು ಕುಳಿ ಕೊರೆದಿದ್ದರು. ಅದರೊಳಗೆ ಹಸಿರುಗಟ್ಟಿದ ತಾಮ್ರದ ಬಿಲ್ಲೆ. ಉಜ್ಜಿ ನೋಡಿದೆ: ಕಾಲಾಣೆ.

‘ನೋಡಿ! ನಾ ಎಂತ ಹೇಳಿದ್ದೆ? ರೂಪಾಯಲ್ಲ, ಆಣೆಯಲ್ಲ, ಕಾಲಾಣೆ!’ ಗಣಪಮ್ಮ ಕೈ ತಟ್ಟಿದರು.

ಮಾದೇವಿ ಕುಳಿಯ ಹತ್ತಿರ ಕೂತು ಬೆರಳಾಡಿಸುತ್ತಿದ್ದಳು. ಕುಳಿಯಿಂದ ಎರಡು ಬೆರಳು ಈಚೆಗೆ, ಕಲ್ಲುಗಳ ಸಂದಿನ ಗಾರೆಯೊಳಗೆ ಏನನ್ನೋ ಅವಸರದಲ್ಲಿ ತುರುಕಿದ ಹಾಗೆ ಉಬ್ಬಿತ್ತು. ಅವಳು ಉಗುರಿನಿಂದ ಕೆದಕಿದಳು. ಬಂದದ್ದು ಕಪ್ಪಗಾದ ಒಂದು ಕಾಲುಂಗುರ.

‘ಕೊಡು ಇಲ್ಲಿ’ ಎಂದರು ಗಣಪಮ್ಮ. ಸೆರಗಿನ ತುದಿಯಲ್ಲಿ ಒರೆಸಿದರು. ಮೇಲೆ ಮೂರು ಗೀರು, ನಡುವೆ ಒಂದು ಚುಕ್ಕಿ. ಬಹಳ ಹೊತ್ತು ಅದನ್ನೇ ನೋಡಿದರು.

‘ಅವ್ವಂದು’ ಎಂದರು. ‘ಈ ಮನೆ ಕಟ್ಟಿದ ವರ್ಷ, ಹೊಳೆಲಿ ಬಟ್ಟೆ ಒಗೀವಾಗ ಬಿದ್ದೋತು ಅಂತ ಅಪ್ಪನ ಹತ್ರ ಹೇಳಿದ್ಲು. ಅಪ್ಪ ಎಂಟು ದಿನ ಬೈದ. ಅವ್ನು ಬೈಯೂದು ಕೇಳೂಕಾಗ್ದೆ ನಾ ಹೊಳೆಗಿಳ್ದು ಹುಡ್ಕಿದ್ದೆ, ಮಾಸ್ತರ್ರೆ. ಮೂರು ದಿನ, ಸೊಂಟದ ಮಟ್ಟ ನೀರಲ್ಲಿ. ಅವ್ವ ದಂಡೆ ಮೇಲೆ ನಿಂತ್ಕಂಡು, ಸಾಕು ಬಾ ಮಗಾ, ಸಾಕು ಬಾ ಅಂತಿದ್ಲು.’

ಮಾದೇವಿ ಗೆದ್ದಿದ್ದಳು, ಗೆದ್ದವಳ ಮುಖ ಅವಳದಾಗಿರಲಿಲ್ಲ. ‘ಅತ್ತೆ ಬೆಳ್ಳಿ ಇದೆ ಅಂದಿದ್ರು ಅಷ್ಟೇ. ಮಾವ ಇಟ್ಟ ರೂಪಾಯಿ ಅಂತ ನಾನೇ ಎಣಿಸ್ಕಂಡದ್ದು’ ಎಂದಳು. ಆಮೇಲೆ, ‘ಅತ್ಗೆ, ಅದು ನಿಮ್ಮವ್ವಂದು. ನೀವೇ ಇಟ್ಕಳಿ. ನಮ್ಮ ಬಾಗ್ಲಿಗೆ ಮಾವನ ಕಾಲಾಣೆ ಸಾಕು’ ಎಂದಳು.

ಗಣಪಮ್ಮ ಬೇಡವೆನ್ನಲಿಲ್ಲ. ಉಂಗುರವನ್ನು ಸೆರಗಿಗೆ ಗಂಟು ಹಾಕಿಕೊಂಡು, ಕವಳದ ಸಂಚಿಯನ್ನು ಕಲ್ಲಿನ ಮೇಲೆಯೇ ಮರೆತು ಮನೆಗೆ ಹೋದರು. ಮೂವತ್ತು ವರ್ಷ ಕಾದ ಮಾತು ನಿಜವಾಗಿ ಕೈಗೆ ಬಂದು, ಅರ್ಧ ಗಂಟೆಯಲ್ಲಿ ಕೈಬಿಟ್ಟು ಹೋದದ್ದನ್ನು ನೋಡುತ್ತ ಮಾದೇವಿ ನಿಂತಿದ್ದಳು. ‘ಆತು ಬಿಡಿ ಮಾಸ್ತರ್ರೆ, ಅತ್ತೆ ಸುಳ್ಳು ಹೇಳ್ಲಿಲ್ಲ ಅಂತಾಯ್ತಲ್ಲ’ ಎಂದು ನನಗೆ ಸಮಾಧಾನ ಹೇಳಿದಳು. 

ಬುಧವಾರ ಬೆಳಿಗ್ಗೆ ದಿಬ್ಬದ ಮೇಲೆ ನಾಲ್ಕೈದು ಮನೆಯ ಜನ ಸೇರಿದ್ದರು. ಅಡಿಪಾಯ ಮಾತ್ರ ಎದ್ದಿತ್ತು. ಆಚಾರಿ ಚೌಕಟ್ಟಿಗೆ ಅರಿಶಿನ ಹಚ್ಚಿ ಮಲಗಿಸಿದ್ದ. ಭಟ್ಟರು ಎರಡು ಸಲ ಬಿಸಿಲು ನೋಡಿ, ‘ಹೊತ್ತಾತು, ಇಡೂದೆಂತ ಇದ್ರೆ ಇಟ್ಬಿಡಿ’ ಎಂದರು. ಮಾದೇವಿ ವೀಳ್ಯದೆಲೆಯ ಮೇಲೆ ಕಾಲಾಣೆಯನ್ನಿಟ್ಟು ಕುಳಿಗೆ ಇಳಿಸುತ್ತಿದ್ದಳು.

‘ನಿಲ್ಸು’ ಎಂಬ ದನಿ ಕೇಳಿಸಿತು. ಗಣಪಮ್ಮ ಹೊಸ ಸೀರೆಯುಟ್ಟು ದಿಬ್ಬ ಹತ್ತಿ ಬರುತ್ತಿದ್ದರು. ಹುಣಿಸೆಹುಳಿ ಹಚ್ಚಿ ಬೆಳಗಿದ ಕಾಲುಂಗುರ ಅವರ ಅಂಗೈಯಲ್ಲಿ ಹೊಳೆಯುತ್ತಿತ್ತು. ಯಾರ ಮುಖವನ್ನೂ ನೋಡದೆ ಕೂತು, ಅದನ್ನು ಕಾಲಾಣೆಯ ಮೇಲೆಯೇ ಇಟ್ಟರು.

‘ಅತ್ಗೆ, ಅದು ನಿಮ್ಗೆ...’

‘ಅವ್ವ ಅದ್ನ ನಂಗೆ ಕೊಟ್ಟದ್ದಲ್ಲ ಮಾದೇವಿ. ಬಾಗ್ಲಿಗೆ ಕೊಟ್ಟದ್ದು. ಈ ಸಲ ಗಾರೆ ಸಂದಿಲಿ ಅಡ್ಗಿಸೂದು ಬೇಡ, ಅಪ್ಪನ ಬಗ್ಲಿಗೇ ಇರ್ಲಿ.’ ಕಣ್ಣೊರೆಸಿಕೊಂಡು, ‘ಎಂತ ನೋಡ್ತ್ರಿ ಭಟ್ರೇ, ಮಂತ್ರ ಹೇಳಿ’ ಎಂದು ಗದರಿದರು.

ಚೌಕಟ್ಟು ನಿಂತಿತು, ಹೊಸ್ತಿಲು ಕೂತಿತು, ಕಾಯಿ ಒಡೆಯಿತು. ಎಲ್ಲ ಮುಗಿಯಿತೆಂದು ನಾನು ಚೀಲ ಹೆಗಲಿಗೇರಿಸುವಾಗ ಗಣಪಮ್ಮ, ‘ಮಾಸ್ತರ್ರೆ, ಒಂದ್ಸಲ ಕೋಲು ಆಡ್ಸಿ ನೋಡುವ’ ಎಂದರು. ಕೂಡಿದ ಜನರೆಲ್ಲ ಹೊಸ್ತಿಲ ಸುತ್ತ ಬಂದು ನಿಂತರು. ನಾನು ಪೂರ್ಣಾಹುತಿ ಕೊಡುವವನ ಗಾಂಭೀರ್ಯದಿಂದ ಯಂತ್ರ ಜೋಡಿಸಿ ಹೊಸ್ತಿಲ ಮೇಲೆ ಹಿಡಿದೆ. ಕುಂಯ್ ಎಂದು ಉದ್ದಕ್ಕೆ ಕೂಗಿತು.

‘ಕೂಗೂದು ಯಾರು? ಅಪ್ಪನಾ, ಅವ್ವನಾ?’

‘ಹೇಳುವುದು ಕಷ್ಟ ಗಣಪಮ್ಮನೋರೇ. ಇಬ್ಬರೂ ಕೂಡಿಯೇ ಕೂಗ್ತಾ ಇದ್ದ ಹಾಗಿದೆ.’

‘ಜೀವ ಇದ್ದಾಗ್ಲೂ ಹಂಗೇಯಾ’ ಎಂದರು ಅವರು.

ಚೌಕಟ್ಟಿನ ಎಡಕ್ಕೂ ಬಲಕ್ಕೂ ಗೋಡೆ ಇನ್ನೂ ಎದ್ದಿರಲಿಲ್ಲ. ಒಳಗೆ ಹೋಗುವವರು ಎಲ್ಲಿಂದ ಬೇಕಾದರೂ ಹೋಗಬಹುದಿತ್ತು, ಎಲ್ಲರೂ ಹಾಗೆಯೇ ಹೋಗುತ್ತಿದ್ದರು. ಗಣಪಮ್ಮ ಮಾತ್ರ ಸುತ್ತಿ ಬಂದು ಹೊಸ್ತಿಲ ಎದುರು ನಿಂತರು. ಸೀರೆಯ ನಿರಿಗೆ ಎತ್ತಿ ಹಿಡಿದು, ಬಲಗಾಲು ಮುಂದಿಟ್ಟು ದಾಟಿದರು.